ಊರಿನ ಪರವಾಗಿ ನಿಲ್ಲುವವರು

ನ್ಯಾಯವಾದಿಯೆಂದೊಡನೆ ಜನಸಾಮಾನ್ಯರ ಕಣ್ಣೆದುರಿಗೆ ಬಂದು ನಿಲ್ಲುವುದು ಕಪ್ಪು ನಿಲುವಂಗಿ, ಕೊಲೆಯ ಮೊಕದ್ದಮೆ, ಅಣ್ಣತಮ್ಮಂದಿರ ಆಸ್ತಿವಿಭಾಗ. ಒಂದು ಊರಿಗೂ ವಕೀಲರೊಬ್ಬರು ಇರುತ್ತಾರೆ. ಅವರ ಕಕ್ಷಿಗಾರ ಒಬ್ಬ ವ್ಯಕ್ತಿಯಲ್ಲ, ಬೀದಿ, ಚರಂಡಿ, ಉದ್ಯಾನ, ಮಕ್ಕಳ ಆಟದ ಬಯಲುಗಳೆಲ್ಲವನ್ನೂ ಒಳಗೊಂಡ ಊರೇ ಆಗಿದೆ ಎಂಬ ಸಂಗತಿ ವಿದ್ಯಾವಂತರ ಗಮನಕ್ಕೂ ಅಷ್ಟಾಗಿ ಬಂದಂತಿಲ್ಲ. ನಗರಸಭೆಯ ಕಾನೂನು ಸಲಹೆಗಾರರೆಂಬ ಈ ಸ್ಥಾನ ಸದ್ದಿಲ್ಲದ್ದು. ಆದರೆ ಅದು ಬಲಹೀನವಾದ ಕಡೆ ಊರಿನ ಸೊತ್ತು ಸದ್ದಿಲ್ಲದೆ ಕರಗುತ್ತದೆ.

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲಾ ಕೇಂದ್ರವಾಯಿತು. ಅಂದಿನಿಂದ ಊರಂಚಿನ ಹೊಲತೋಟಗಳು ನಿವೇಶನಗಳಾಗುತ್ತಿವೆ. ಖಾತೆ, ನಕ್ಷೆ, ರಸ್ತೆಯ ಅಗಲ, ಉದ್ಯಾನಕ್ಕೆಂದು ಬಿಟ್ಟ ಜಾಗ, ಒಂದೊಂದೂ ವ್ಯಾಜ್ಯದ ಬೀಜವೇ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರ ಅನ್ನ ಒಂದು ಕಡೆ. ಆ ಕೆಲಸದ ಕೊಳೆನೀರು ಚರಂಡಿ ಸೇರಿದಾಗ ನೆರೆಯವರಿಗೆ ಬೇಕಾದ ಶುದ್ಧ ಗಾಳಿ ಇನ್ನೊಂದು ಕಡೆ. ಹಳೆಯ ವಾಣಿಜ್ಯಪಟ್ಟಣವಾದ ಚಿಂತಾಮಣಿಯಲ್ಲಿ ಅಂಗಡಿ ಮಳಿಗೆಗಳ ಬಾಡಿಗೆಯಿಂದ ಹಿಡಿದು ತಳ್ಳುಗಾಡಿಯ ವ್ಯಾಪಾರಿಯವರೆಗೆ ಹಲವು ಪ್ರಶ್ನೆಗಳು. ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿನಲ್ಲಿ ನದೀತೀರದ ನೆಲದ ಎಲ್ಲೆಕಟ್ಟು ಯಾವುದೆಂಬುದು ಮರೆತು ಸುಮ್ಮನಿರುವ ವಿಷಯವಲ್ಲ. ಇಂಥ ಎಲ್ಲ ಕಡತಗಳೂ ಕೊನೆಗೆ ಬಂದು ಬೀಳುವುದು ಒಬ್ಬರ ಮೇಜಿನ ಮೇಲೆ. ಬೆಳಿಗ್ಗೆ ಗುತ್ತಿಗೆದಾರನ ಬಾಕಿ ಹಣದ ದಾವೆ, ಮಧ್ಯಾಹ್ನ ಟೆಂಡರಿನ ತಕರಾರು, ಸಂಜೆ ಪೌರಕಾರ್ಮಿಕರ ಸೇವಾವಿಷಯ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ, 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಯ ಅಧಿನಿಯಮ, 2005ರ ಮಾಹಿತಿ ಹಕ್ಕು, ಇವೆಲ್ಲವೂ ಆ ಒಬ್ಬರಿಗೆ ನಿತ್ಯಪಾರಾಯಣದ ಗ್ರಂಥಗಳು.

ಹೀಗೆ ಭಾವಿಸಬಹುದು. ಮಕ್ಕಳು ಆಡುವ ಬಯಲೊಂದು ತನ್ನದೆಂದು ಒಬ್ಬನು ನಗರಸಭೆಯ ಮೇಲೆ ದಾವೆ ಹೂಡುತ್ತಾನೆ. ಸಮನ್ಸು ಬರುತ್ತದೆ, ಗುಮಾಸ್ತರ ಕಟ್ಟಿನೊಳಗೆ ಸೇರುತ್ತದೆ. ಪ್ರತಿವಾದಪತ್ರ ಸಲ್ಲಿಸಲು ಕಾನೂನು ಸಾಮಾನ್ಯವಾಗಿ ಕೊಡುವುದು 30 ದಿನ. ತಕ್ಕ ಕಾರಣವಿದ್ದರೆ 90 ದಿನ. ಆ ದಿನಗಳು ಉರುಳುತ್ತವೆ, ಏಕಪಕ್ಷೀಯ ಡಿಕ್ರಿಯಾಗುತ್ತದೆ. ಬಯಲಿಗೆ ಬೇಲಿ ಬಿದ್ದ ದಿನ ಊರು ಎಚ್ಚರಗೊಳ್ಳುತ್ತದೆ. ಲಂಚ ನಡೆಯಿತೆಂದು ಎಲ್ಲರೂ ಮಾತನಾಡುತ್ತಾರೆ, ನಡೆದಿರಲೂಬಹುದು. ಆದರೆ ಲಂಚವಿಲ್ಲದೆಯೂ, ಬರಿಯ ಅಲಕ್ಷ್ಯದಿಂದಲೇ, ಇಷ್ಟೆಲ್ಲ ಆಗಿಬಿಡಬಲ್ಲದು. ಸರ್ಕಾರಿ ಕಚೇರಿಯೆಂಬ ಕಾರಣಕ್ಕೆ ವಿಳಂಬಕ್ಕೆ ವಿಶೇಷ ಕ್ಷಮೆಯಿಲ್ಲವೆಂದು 2012ರಲ್ಲಿ ಅಂಚೆ ಇಲಾಖೆಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸ್ಪಷ್ಟಪಡಿಸಿದೆ. ಊರಿನ ಸೊತ್ತನ್ನು ಕಾಯುವ ಮೊದಲ ಆಯುಧ ವಾಕ್ಚಾತುರ್ಯವಲ್ಲ, ದಿನಾಂಕದ ಎಚ್ಚರ.

ಎಲ್ಲವನ್ನೂ ಬಲ್ಲವರು ಯಾವುದನ್ನೂ ಆಳವಾಗಿ ಅರಿಯರು, ಆದ್ದರಿಂದ ಪ್ರತಿಯೊಂದು ವಿಷಯಕ್ಕೂ ಬೆಂಗಳೂರಿನಿಂದ ತಜ್ಞರನ್ನು ಕರೆಸಬೇಕೆಂದು ಕೆಲವರ ಅಭಿಪ್ರಾಯ. ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ ತಜ್ಞರು ಬೇಕು ನಿಜ. ಆದರೆ ಯಾವ ಕಾಲುವೆ ಯಾವ ಕೆರೆಗೆ ಹೋಗುತ್ತಿತ್ತು, ಹಳೆಯ ನಿರ್ಣಯಪುಸ್ತಕ ಯಾವ ಬೀರುವಿನಲ್ಲಿದೆ, ಬಯಲಿನ ಎಲ್ಲೆಯನ್ನು ಬಲ್ಲ ಮುದುಕರು ಯಾವ ಬೀದಿಯಲ್ಲಿದ್ದಾರೆ ಎಂಬುದನ್ನು ದೂರದ ತಜ್ಞರು ಅರಿಯಲಾರರು. ಊರಿನ ಹಕೀಮರು ನಾಡಿ ಹಿಡಿದು ರೋಗವನ್ನು ಗುರುತಿಸಿದ ಮೇಲೆಯೇ ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರಿಗೆ ಕೆಲಸ. ಬಹುಶ್ರುತತ್ವವೂ ಒಂದು ಪಾಂಡಿತ್ಯವೇ. ತನಗೆ ತಿಳಿಯದ್ದು ಯಾವುದೆಂದು ತಿಳಿದಿರುವುದು ಅದರ ಮುಖ್ಯಾಂಗ.

ಧರ್ಮಶಾಸ್ತ್ರಕ್ಕೆ ಕನ್ನಡನಾಡು ಕೊಟ್ಟ ಮಹಾಕೊಡುಗೆ ವಿಜ್ಞಾನೇಶ್ವರನ ಮಿತಾಕ್ಷರ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ರಚಿತವಾದ ವ್ಯಾಖ್ಯಾನವಿದು. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಧರ್ಮವನ್ನು ಮೀರಿ ತೀರ್ಪು ನೀಡಿದ ಸಭಾಸದರಿಗೆ ಪ್ರತ್ಯೇಕವಾಗಿ ಇಮ್ಮಡಿ ದಂಡ ವಿಧಿಸಬೇಕೆಂಬುದು ಆ ಸ್ಮೃತಿಯ ವ್ಯವಹಾರಾಧ್ಯಾಯದ ಆಶಯ. ಈ ಮಾತು ನ್ಯಾಯಸ್ಥಾನದಲ್ಲಿ ಕುಳಿತವರನ್ನು ಕುರಿತದ್ದಾದರೂ, ಆ ಮೂರು ದೋಷಗಳು ಊರಿನ ವಕೀಲರನ್ನು ಕಾಡುವಷ್ಟು ಬೇರಾರನ್ನೂ ಕಾಡಲಾರವು. ತಮ್ಮನ್ನು ನೇಮಿಸಿದ ಸದಸ್ಯರ ಮೇಲಣ ವಿಶ್ವಾಸವೇ ರಾಗ. ನಿವೇಶನ ವ್ಯಾಪಾರಿಯ ಖಾಸಗಿ ಮೊಕದ್ದಮೆಗಳನ್ನೂ ನಡೆಸುತ್ತ ನಗರಸಭೆಗೂ ಸಲಹೆ ಕೊಡುವುದು ಲೋಭ. ಅಧ್ಯಕ್ಷರು ಮುನಿದರೆ ಮುಂದಿನ ಸಾಲಿನಲ್ಲಿ ಹೆಸರು ಬಿಟ್ಟುಹೋದೀತೆಂಬುದು ಭಯ. ಅಧ್ಯಕ್ಷರು ಬದಲಾಗುತ್ತಾರೆ, ಪೌರಾಯುಕ್ತರು ವರ್ಗವಾಗುತ್ತಾರೆ, ಊರು ಉಳಿಯುತ್ತದೆ. ಆದಕಾರಣ ವಕೀಲರ ನಿಷ್ಠೆ ಸಲ್ಲಬೇಕಾದುದು ಊರಿಗೆ.

ಊರಿನ ಪರವೆಂದರೆ ನಗರಸಭೆ ಮಾಡಿದ್ದೆಲ್ಲವನ್ನೂ ಸಮರ್ಥಿಸುವುದಲ್ಲ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಬಡಾವಣೆಯೊಂದರ ನಿವಾಸಿಗಳು ಚರಂಡಿಯ ದುರ್ಗಂಧವನ್ನು ತಾಳಲಾರದೆ ಮ್ಯಾಜಿಸ್ಟ್ರೇಟರ ಮೊರೆಹೊಕ್ಕರು. ಹಣವಿಲ್ಲವೆಂದು ಪುರಸಭೆ ವಾದಿಸಿತು. ಆ ವಾದವನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಕೊಂಡೊಯ್ದಿತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು, ಜನರ ಆರೋಗ್ಯದ ಹೊಣೆಯಿಂದ ನುಣುಚಿಕೊಳ್ಳಲು ಬಡತನದ ನೆಪ ಸಲ್ಲದೆಂದು ಸಾರಿತು. ಅಷ್ಟು ದೂರ ವ್ಯಾಜ್ಯ ನಡೆಸುವ ಬದಲು ಚರಂಡಿಯನ್ನು ಕಟ್ಟಿಸಿರೆಂದು ಆರಂಭದಲ್ಲಿಯೇ ಹೇಳುವುದು ಹಿತೈಷಿಯಾದ ಸಲಹೆಗಾರರ ಧರ್ಮ. 2014ರ ಬೀದಿಬದಿ ವ್ಯಾಪಾರಿಗಳ ಅಧಿನಿಯಮವೂ ಹೀಗೆಯೇ. ಸಮೀಕ್ಷೆ ಮುಗಿಯುವ ಮುನ್ನ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳು ಶೇ. 40ಕ್ಕೆ ಕಡಿಮೆಯಿರುವಂತಿಲ್ಲ. ಸಂತೆಬೀದಿಯಲ್ಲಿ ಸೊಪ್ಪು ಮಾರುವ ಮುದುಕಿಯ ಬುಟ್ಟಿಯನ್ನು ಎತ್ತಿಹಾಕಲು ಆಜ್ಞೆಯಾಗುವ ಮೊದಲು, ಇದು ಆಗದೆಂದು ಕಡತದಲ್ಲಿ ಬರೆಯುವ ಲೇಖನಿ ಯಾರದು? ಅದು ಊರಿನ ವಕೀಲರದೇ.

ಈ ಸೀಮೆಯಲ್ಲಿ ಭಾಷೆಯ ಪ್ರಶ್ನೆಯೂ ಸಣ್ಣದಲ್ಲ. ಇಲ್ಲಿನ ಅನೇಕ ಮನೆಗಳ ಮಾತು ತೆಲುಗು, ಕಚೇರಿಯ ಬರೆಹ ಕನ್ನಡ, ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷು. ತೆಲುಗಿನಲ್ಲಿ ಹೇಳಿಕೊಂಡ ಸಂಕಟ ಕನ್ನಡ ಕಡತದಲ್ಲಿ ಅರ್ಧವಾಗಿ, ಇಂಗ್ಲಿಷಿನ ಅರ್ಜಿಯಲ್ಲಿ ಕಾಲುಭಾಗವಾಗಿಬಿಟ್ಟರೆ ನ್ಯಾಯಕ್ಕೆ ಉಳಿಯುವುದೇನು? ಸ್ಥಳೀಯ ಸಂಸ್ಥೆಗಳ ಆಡಳಿತ ಕನ್ನಡದಲ್ಲಿ ನಡೆಯಲೆಂದು ರಾಜ್ಯವು 1981ರಲ್ಲಿಯೇ ಪ್ರತ್ಯೇಕ ರಾಜಭಾಷಾ ಅಧಿನಿಯಮವನ್ನು ಮಾಡಿದೆ. ಹಾಗಿರುವಾಗ ಕಾನೂನು ಅಭಿಪ್ರಾಯವೂ ಕನ್ನಡದಲ್ಲಿಯೇ, ಮೊದಲ ಬಾರಿಗೆ ಆರಿಸಿಬಂದ ಮಹಿಳಾ ಸದಸ್ಯೆಯೂ ಓದಿ ತಿಳಿಯುವಷ್ಟು ತಿಳಿಯಾಗಿ ಇರಬೇಕು. ಮಿತಾಕ್ಷರವೆಂಬ ಹೆಸರಿನಲ್ಲಿಯೇ ಆ ಆದರ್ಶವಿದೆ: ಅಕ್ಷರ ಮಿತವಾಗಿರಬೇಕು, ಅರ್ಥ ಸಂದಿಗ್ಧವಾಗಿರಬಾರದು.

ಪರಿಹಾರಗಳು ದುಬಾರಿಯವಲ್ಲ. ಸಲಹೆಗಾರರ ಆಯ್ಕೆ ಯೋಗ್ಯತೆಯನ್ನು ನೋಡಿ ಬಹಿರಂಗವಾಗಿ ನಡೆಯಲಿ. ನಗರಸಭೆಯ ಮೊಕದ್ದಮೆಗಳ ಪಟ್ಟಿಯನ್ನು ಮುಂದಿನ ದಿನಾಂಕಗಳೊಡನೆ ಪ್ರತಿ ಸಾಮಾನ್ಯ ಸಭೆಯಲ್ಲಿ ಓದಲಿ. ವಕೀಲರ ಅಭಿಪ್ರಾಯ ಲಿಖಿತವಾಗಿರಲಿ. ಅದನ್ನು ಮೀರುವ ಸಭೆ ತನ್ನ ಕಾರಣವನ್ನೂ ಬರೆಯಲಿ. ಗೌರವಧನ ಸಕಾಲದಲ್ಲಿ ಸಲ್ಲಲಿ. ವರ್ಷಗಟ್ಟಲೆ ಶುಲ್ಕ ಕಾಣದವರಿಂದ ನಿತ್ಯದ ಎಚ್ಚರವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇದರಲ್ಲಿ ಶಾಲೆಗಳ ಪಾಲೂ ಇದೆ. ಶ್ರೀಮಠಗಳ ಆಶ್ರಯದಲ್ಲಿ ಅಕ್ಷರ ಕಲಿತವರು ವೈದ್ಯರಾಗಿದ್ದಾರೆ, ಯಂತ್ರಶಿಲ್ಪಿಗಳಾಗಿದ್ದಾರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ಸೀಮೆಯಲ್ಲಿ ಅದು ಸಹಜವೂ ಹೌದು. ಆದರೆ ನ್ಯಾಯಶಾಸ್ತ್ರವನ್ನು ಓದಿ, ತಾಲ್ಲೂಕು ಕೇಂದ್ರದಲ್ಲಿಯೇ ನೆಲೆನಿಂತು, ಊರಿನ ಕಡತಗಳನ್ನು ಕಾಯಲು ಮುಂದಾಗುವವರನ್ನೂ ಉಪಾಧ್ಯಾಯರು ತರಗತಿಯಲ್ಲಿ ಗುರುತಿಸಬೇಕು. ದಾನಿಗಳು ಅಂಥ ಒಬ್ಬ ಬಡ ವಿದ್ಯಾರ್ಥಿಯ ಕಾನೂನು ವ್ಯಾಸಂಗದ ಭಾರವನ್ನು ಹೊತ್ತರೆ ಅದು ಕಟ್ಟಡಕ್ಕೆ ಕೊಟ್ಟ ದಾನಕ್ಕಿಂತ ಕಡಿಮೆಯದಲ್ಲ. ಊರಿನ ಸೊತ್ತನ್ನು ತನ್ನದೆನ್ನದೆ, ತನ್ನದಕ್ಕಿಂತ ಹೆಚ್ಚಾಗಿ ಕಾಯುವ ವೃತ್ತಿ ಕಾಯಕವಾಗುತ್ತದೆ. ಅದರ ಫಲ ಸಮಸ್ತರಿಗೂ ಸಲ್ಲುವುದರಿಂದ ದಾಸೋಹವೂ ಆಗುತ್ತದೆ. ಬೇಲಿ ಬೀಳದೆ ಉಳಿದ ಬಯಲಿನಲ್ಲಿ ಸಂಜೆ ಆಡುವ ಮಕ್ಕಳಿಗೆ ಆ ವಕೀಲರ ಹೆಸರು ಗೊತ್ತಿರಬೇಕಾಗಿಲ್ಲ. ಬಯಲು ಇದ್ದರೆ ಸಾಕು.