ಪಡಸಾಲೆಗೆ ಬಂದ ಇಂಟರ್ನೆಟ್

ಹಾನಗಲ್ಲಿಗೆ 08379, ಹಿರೇಕೆರೂರಿಗೆ 08376, ಶಿಗ್ಗಾವಿ ಮತ್ತು ಸವಣೂರಿಗೆ ಸೇರಿ 08378. ಈ ಎಸ್‌ಟಿಡಿ ಕೋಡುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ತಲೆಮಾರಿಗೆ ಮನೆಯೊಳಗಿನ ಫೋನ್ ತಂತಿಯ ದಾರಿಯೂ ನೆನಪಿರುತ್ತದೆ. ಬೀದಿಯ ಕಂಬದಿಂದ ಹೊರಟು, ಕಿಟಕಿ ಚೌಕಟ್ಟಿನ ತೂತಿನಿಂದ ಪಡಸಾಲೆಗೆ ಇಳಿದು, ತೊಲೆಯ ಮಗ್ಗುಲಲ್ಲೇ ಹಾಯ್ದು ಮಹಡಿಯ ಪ್ಯಾರಲಲ್ ಫೋನನ್ನು ಮುಟ್ಟುತ್ತಿದ್ದ ಆ ಜೋಡಿ ತಾಮ್ರದ ಎಳೆ ಎಷ್ಟೋ ಮನೆಗಳಲ್ಲಿ ಈಗಲೂ ಗೋಡೆಗೆ ಅಂಟಿಕೊಂಡಿದೆ.

ಅದರ ಶಕ್ತಿಯನ್ನು ನಾವು ಪೂರ್ತಿ ಬಳಸಲೇ ಇಲ್ಲ ಎಂಬುದು ನನ್ನ ಕೊರಗು. ಮಾತಿಗೆ ಬೇಕಾಗುವುದು 4 ಕಿಲೋಹರ್ಟ್ಸ್‌ಗಿಂತ ಕೆಳಗಿನ ಪಟ್ಟಿ ಮಾತ್ರ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ತಂದಾಗ ಅದೇ ಎಳೆಯಲ್ಲಿ, ಮಾತಿನ ಪಟ್ಟಿಗಿಂತ ಮೇಲೆ, ಸುಮಾರು 2.2 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ ಇಂಟರ್ನೆಟ್ ಹರಿಯಿತು. ಎರಡನ್ನೂ ಬೇರ್ಪಡಿಸಲು ಒಂದು ಪುಟ್ಟ ಸ್ಪ್ಲಿಟರ್ ಸಾಕಾಯಿತು. ಇನ್ನೂ ಮೇಲೆ, 4ರಿಂದ 10 ಮೆಗಾಹರ್ಟ್ಸ್ ನಡುವೆ, ಮನೆಯ ಕಂಪ್ಯೂಟರುಗಳನ್ನೇ ಒಂದಕ್ಕೊಂದು ಬೆಸೆಯಬಹುದೆಂದು 1998ರಲ್ಲಿ ಹುಟ್ಟಿದ ಹೋಮ್‌ಪಿಎನ್‌ಎ ಎಂಬ ಕಂಪನಿಗಳ ಒಕ್ಕೂಟ ತೋರಿಸಿತ್ತು. ಮೊದಲು ಸೆಕೆಂಡಿಗೆ 1 ಮೆಗಾಬಿಟ್, ಆಮೇಲೆ 10, ಮುಂದೆ 128. ಹೊಸ ತಂತಿ ಎಳೆಯದೆ, ಗೋಡೆ ಕೊರೆಯದೆ, ಫೋನು, ಇಂಟರ್ನೆಟ್, ಮನೆಯ ಜಾಲ ಮೂರೂ ಒಂದೇ ಜೋಡಿ ಎಳೆಯಲ್ಲಿ! ಎಷ್ಟು ಮಿತವ್ಯಯದ, ಎಷ್ಟು ಚೆಂದದ ಯೋಚನೆ.

ನಮ್ಮಲ್ಲಿ ಅದು ಬೇರೂರಲಿಲ್ಲ. ಮನೆಗೊಂದು ಕಂಪ್ಯೂಟರ್ ಇದ್ದರೇ ಹೆಚ್ಚು ಎನ್ನುವ ಕಾಲವದು. ಎರಡನೆಯದು ಬರುವಷ್ಟರಲ್ಲಿ ವೈಫೈ ಬಂದಿತ್ತು. ಅದು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡವೆಂದು ಕೇಂದ್ರ ಸರ್ಕಾರ 2005ರಲ್ಲೇ ನಿಯಮ ಮಾಡಿತ್ತು.

ವೈಫೈಗೆ ಗೋಡೆಗಳ ಲೆಕ್ಕವಿದೆ. ಹಾನಗಲ್ಲಿನಂಥ ಅರೆಮಲೆನಾಡಿನ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ ಮೊಳದಷ್ಟು ದಪ್ಪ. ಮಳೆಗಾಲದಲ್ಲಿ ಆ ಮಣ್ಣು ತೇವ ಹೀರಿದರೆ ತರಂಗ ಅಲ್ಲೇ ಇಂಗುತ್ತದೆ. ನಡುವೆ ತಗಡಿನ ಮರೆಯಿದ್ದರಂತೂ ಹೊಡೆದು ಹಿಂದಕ್ಕೆ ಬರುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯ ವೈಫೈ ವೇಗ ಕೊಡುತ್ತದೆ, ಗೋಡೆ ದಾಟುವುದರಲ್ಲಿ ಇನ್ನೂ ಸೋಲುತ್ತದೆ. ಈಗ ಇಂಟರ್ನೆಟ್ ತರುವ ಫೈಬರ್ ಎಳೆ ಬೀದಿಯಿಂದ ಬರುವುದರಿಂದ ರೌಟರ್ ಕೂರುವುದು ಪಡಸಾಲೆಯಲ್ಲಿ, ಟಿವಿಯ ಪಕ್ಕ. ಹಾನಗಲ್ ಸೀಮೆಯ ಧರ್ಮಾ ಕಾಲುವೆಯ ನೀರು ಮೊದಲ ಹೊಲಗಳಲ್ಲೇ ನಿಂತುಬಿಟ್ಟ ಹಾಗೆ, ಸಿಗ್ನಲ್ ಗಂಡಸರು ಕೂತು ಹರಟುವ ಜಾಗದಲ್ಲಿ ತುಂಬಿ, ಅಡುಗೆಮನೆಯ ಆಚೆ ಓದುವ ಹುಡುಗಿಗೆ ಮುಟ್ಟುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಈ ಅಂತರ ಎಷ್ಟು ದೊಡ್ಡದೆಂದು ಮನೆಮನೆಗೂ ತಿಳಿಯಿತು. ಒಂದೇ ಬಿಲ್ಲು ಕಟ್ಟುವ ಮನೆಯೊಳಗೆ ಈ ತಾರತಮ್ಯ ನಡೆಯಬಾರದು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಸಿಗ್ನಲ್ ಮುಂದಕ್ಕೆ ದಾಟಿಸುವ ರಿಪೀಟರ್ ಕೊಳ್ಳುವ ಮೊದಲು ಹಳೆಯ ತಂತಿಯ ದಾರಿಯನ್ನೊಮ್ಮೆ ನೋಡಿ. ಆ ಎಳೆಯಲ್ಲೇ ಈಗಿನ ಲ್ಯಾನ್ ನಡೆಯದು. ಸೆಕೆಂಡಿಗೆ 100 ಮೆಗಾಬಿಟ್‌ಗೂ ಎರಡು ಜೋಡಿ ಬೇಕು, ಇಲ್ಲಿರುವುದು ಒಂದೇ. ಆದರೆ ಗೋಡೆ, ಚೌಕಟ್ಟುಗಳಲ್ಲಿ ಅದು ಮಾಡಿಟ್ಟ ದಾರಿಯಿದೆ. ತೂತನ್ನು ತುಸು ಹಿಗ್ಗಿಸಿ, ಹಳೆಯ ತಂತಿ ಸಡಿಲವಾಗಿದ್ದರೆ ಅದರ ತುದಿಗೇ ಲ್ಯಾನ್ ಕೇಬಲ್ ಕಟ್ಟಿ ಈಚೆಯಿಂದ ಎಳೆದರೆ ಒಳಕೋಣೆಗೆ ತಲುಪುತ್ತದೆ. ಈ ಕೇಬಲ್ಲಿಗೆ 100 ಮೀಟರ್ ಮಿತಿ, ಯಾವ ವಾಡೆಗೂ ಅಷ್ಟು ಸಾಕು. ತುದಿಗೆ, ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಹಳೆಯ ವೈಫೈ ಮೋಡೆಮ್ ಜೋಡಿಸಬಹುದು: ಅದರ ಡಿಎಚ್‌ಸಿಪಿ ಎಂಬ ವಿಳಾಸ ಹಂಚುವ ಕೆಲಸ ನಿಲ್ಲಿಸಿ, ಅದರ ಸ್ವಂತ ವಿಳಾಸ ಬದಲಿಸಿ, ಹೊಸ ರೌಟರಿನ ಲ್ಯಾನ್ ಕಿಂಡಿಯಿಂದ ಇದರ ಲ್ಯಾನ್ ಕಿಂಡಿಗೆ ಕೇಬಲ್ ಕೊಟ್ಟರೆ ಒಳಮನೆಗೆ ಎರಡನೆಯ ವೈಫೈ ಸಿದ್ಧ.

ಹೊಸದಾಗಿ ಫೈಬರ್ ಹಾಕಿಸುವವರಿಗೆ ಇಷ್ಟೂ ಬೇಡ. ಎಳೆಯಲು ಬಂದ ಹುಡುಗ ಬಾಗಿಲ ಬಳಿಯೇ ಮೊಳೆ ಹೊಡೆಯಲು ನೋಡುತ್ತಾನೆ, ಅವನಿಗೆ ಇನ್ನೂ ನಾಲ್ಕು ಮನೆಗಳಿರುತ್ತವೆ. ತಡೆದು, ನಡುಮನೆಯವರೆಗೆ ತರಲು ಹೇಳಬೇಕು. ಹತ್ತು ಹದಿನೈದು ಮೀಟರ್ ಹೆಚ್ಚಾದರೆ ಗಾಜಿನ ಎಳೆಯಲ್ಲಿ ಬೆಳಕು ಸೊರಗುವುದಿಲ್ಲ, ಮೂಲೆಗಳಲ್ಲಿ ಅದನ್ನು ಚೂಪಾಗಿ ಮಡಚದಿದ್ದರೆ ಆಯಿತು.