ತಪ್ಪಿದ ದಿನದ ಮರುದಿನ

ಶ್ರಾವಣಮಾಸ ಬಂದಿತೆಂದರೆ ಜವಳಗೇರಾದ ಸುತ್ತಲಿನ ಊರುಗಳಲ್ಲಿ, ಅತ್ತ ಸಿಂಧನೂರಿನಿಂದ ಇತ್ತ ಮಸ್ಕಿ, ಲಿಂಗಸುಗೂರುಗಳವರೆಗೂ, ಗುಡಿಮಠಗಳ ಅಂಗಳದಲ್ಲಿ ರಾತ್ರಿಯ ಪುರಾಣ ಆರಂಭವಾಗುತ್ತದೆ. ವರ್ಷವಿಡೀ ಹೊತ್ತುಗೊತ್ತಿಲ್ಲದೆ ಬಾಳಿದವನೂ ಆ ಒಂದು ತಿಂಗಳು ನಸುಕಿನಲ್ಲೆದ್ದು ಮಿಂದು, ಕುಡಿತವನ್ನು ದೂರವಿಟ್ಟು, ಮಾಂಸವನ್ನು ವರ್ಜಿಸಿ, ಶಾಸ್ತ್ರಿಗಳೆದುರು ಕುಳಿತು ಶರಣರ ಚರಿತ್ರೆಯನ್ನು ತಲೆದೂಗುತ್ತ ಕೇಳುತ್ತಾನೆ. ಪುರಾಣ ಮಂಗಲವಾದ ಮರುವಾರವೇ ಅವರಲ್ಲಿ ಹಲವರು ಹಳೆಯ ಹಾದಿಯನ್ನು ಹಿಡಿದಿರುತ್ತಾರೆಂಬುದೂ ಊರಿಗೆಲ್ಲ ತಿಳಿದ ಸಂಗತಿಯೇ. ಇದನ್ನು ಕಂಡು ನಗುವವರುಂಟು. ನಗುವುದಕ್ಕಿಂತ, ಒಂದು ತಿಂಗಳು ಬಿಡಬಲ್ಲವನು ಹನ್ನೆರಡು ತಿಂಗಳು ಬಿಡಲಾರದೆ ಹೋದುದೇಕೆಂದು ವಿಚಾರಿಸುವುದು ಮೇಲೆಂದು ನನಗೆ ತೋರುತ್ತದೆ. ವ್ರತಕ್ಕೆ ಮುಗಿಯುವ ದಿನವೊಂದು ಮೊದಲೇ ಗೊತ್ತಾಗಿರುತ್ತದೆ. ಮೇಲಾಗಿ ನಡುವೆ ಒಂದು ದಿನ ತಪ್ಪಿತೋ, ವ್ರತವೇ ಭಂಗವಾಯಿತೆಂದು ಮನಸ್ಸು ಕೈಚೆಲ್ಲುತ್ತದೆ. ಬದುಕನ್ನು ನಿಜವಾಗಿ ತಿರುಗಿಸುವ ಅಭ್ಯಾಸಕ್ಕಾದರೋ ಮಂಗಲದ ದಿನವೂ ಇಲ್ಲ, ಭಂಗದ ಭಯವೂ ಇರಕೂಡದು. ಸಂಕಲ್ಪ ಮಾಡಿದ ದಿನಕ್ಕಿಂತ, ತಪ್ಪಿದ ದಿನದ ಮರುದಿನ ನಾವೇನು ಮಾಡುತ್ತೇವೆಂಬುದೇ ಇಲ್ಲಿ ನಿರ್ಣಾಯಕವೆಂಬುದು ನನ್ನ ಅಭಿಪ್ರಾಯ.

ಈ ಮಾತಿಗೆ ನಮ್ಮ ನೆರೆಯಲ್ಲೇ ಬಹು ಹಳೆಯ ಸಾಕ್ಷ್ಯವೊಂದಿದೆ. 1915ರಲ್ಲಿ, ಆಗ ನಿಜಾಮರ ಸೀಮೆಗೆ ಸೇರಿದ್ದ ಮಸ್ಕಿಯಲ್ಲಿ, ಚಿನ್ನವನ್ನರಸುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯ ಬರಹವು, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೇಳಿದ ಕಾರಣ ಜಗತ್ಪ್ರಸಿದ್ಧವಾಯಿತು. ಅಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಹೆಸರಿನ ಸಂಭ್ರಮದಲ್ಲಿ ಶಾಸನದ ವಿಷಯವೇ ಮರೆತಂತಾಗಿದೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೆ ಮಿಕ್ಕಿತೆಂದು ಅರಸನು ಅಲ್ಲಿ ಹೇಳಿಕೊಳ್ಳುತ್ತಾನೆ. ಮಸ್ಕಿಯಲ್ಲಿ ಅಕ್ಷರಗಳು ಸವೆದುಹೋಗಿರುವ ಎಡೆಯನ್ನು, ಬಿ. ಎಲ್. ರೈಸರು ಚಿತ್ರದುರ್ಗದ ಕಡೆಯ ಬ್ರಹ್ಮಗಿರಿಯಲ್ಲಿ ಬೆಳಕಿಗೆ ತಂದ ಸೋದರ ಪಾಠದ ನೆರವಿನಿಂದ ತುಂಬಿ ಓದಿದರೆ, ಮೊದಲ ಒಂದು ವರ್ಷ ತನ್ನ ಪ್ರಯತ್ನವು ತೀವ್ರವಾಗಿರಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದಮೇಲೆಯೇ, ವರ್ಷಕ್ಕೂ ಹೆಚ್ಚು ಕಾಲದಿಂದ, ಮನಸ್ಸಿಟ್ಟು ಶ್ರಮಿಸುತ್ತಿರುವೆನೆಂದೂ ಆತನು ಒಪ್ಪಿಕೊಳ್ಳುವುದು ಕಾಣುತ್ತದೆ. ಗೆಲುವನ್ನು ಕಲ್ಲಿನಲ್ಲಿ ಕೊರೆಯಿಸಿದ ಅರಸರು ಸಾವಿರಾರು. ತಮ್ಮ ಆಲಸ್ಯದ ವರ್ಷವನ್ನು ಕೊರೆಯಿಸಿದವರು ಎಷ್ಟು ಮಂದಿ? ಈ ಫಲವು ದೊಡ್ಡವರಿಗಷ್ಟೇ ದಕ್ಕುವುದೆಂದು ಎಣಿಸಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನೂ ಅದನ್ನು ಪಡೆಯಬಲ್ಲನು, ಹೀಗೆ ನಡೆದರೆ ಅದು ಬಹುಕಾಲ ನಿಂತು ಒಂದೂವರೆಯಷ್ಟು ಬೆಳೆಯುವುದು ಎಂಬ ಆಶಯದಲ್ಲಿ ಶಾಸನ ಮುಗಿಯುತ್ತದೆ. ಬರಿಯ ಒಂದೂವರೆಯಷ್ಟು! ಮೂವತ್ತು ದಿನಗಳಲ್ಲಿ ಹೊಸ ಮನುಷ್ಯನನ್ನಾಗಿ ಮಾಡಿಬಿಡುವೆವೆಂದು ಮೊಬೈಲಿನೊಳಗಿಂದ ಕೂಗುವ ಈಗಿನ ಉಪದೇಶಕರ ಅಬ್ಬರವನ್ನು ಕೇಳಿ ದಣಿದವರಿಗೆ ಮೌರ್ಯ ಚಕ್ರವರ್ತಿಯ ಈ ಮಿತವಾದ ಲೆಕ್ಕ ಹಿತವಾಗಿ ತೋರೀತು.

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆಂಬ ಮಾತೂ ಇಂಥ ಅಬ್ಬರಗಳಲ್ಲೊಂದು. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕೆಯ ಪ್ಲಾಸ್ಟಿಕ್ ಸರ್ಜನನು 1960ರಲ್ಲಿ, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು ಬರೆದುದು ಬಾಯಿಂದ ಬಾಯಿಗೆ ಹೋಗಿ ಶಾಸ್ತ್ರವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವಾದರೋ, ಊಟದೊಡನೆ ಒಂದು ಹಣ್ಣು ತಿನ್ನುವಂಥ ಕೆಲಸವು ತಾನಾಗಿ ನಡೆಯುವ ಹಂತಕ್ಕೆ ಬರಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾದೀತೆಂದೂ, ನಡುವಣ ಲೆಕ್ಕ 66 ದಿನವೆಂದೂ ಅಂದಾಜು ಮಾಡಿತು. ಈ ಅಂಕಿಗಳಿಗಿಂತ ಮುಖ್ಯವಾದ ಎರಡು ಸಂಗತಿಗಳು ಅದರಲ್ಲಿವೆ: ನಿತ್ಯದ ಒಂದು ಗೊತ್ತಾದ ಹೊತ್ತಿಗೆ ಕಟ್ಟಿದ ಕೆಲಸವೇ ಅಭ್ಯಾಸವಾಗಿ ಬೇರೂರುತ್ತದೆ; ಒಂದು ದಿನ ತಪ್ಪಿದ್ದರಿಂದ ಬೇರು ಕೀಳುವುದಿಲ್ಲ.

ಜವಳಗೇರಾದವರಿಗೆ ಇದನ್ನು ಲಂಡನ್ನಿನಿಂದ ಕಲಿಯಬೇಕಾದ ಅಗತ್ಯವೇನೂ ಇಲ್ಲ. ಈಗ ರಾಷ್ಟ್ರೀಯ ಬೀಜ ನಿಗಮದ ಅಧೀನದಲ್ಲಿರುವ ಬೀಜೋತ್ಪಾದನೆಯ ದೊಡ್ಡ ಫಾರಂ ಇರುವ ಊರು ಅದು. ಉಣ್ಣುವ ಭತ್ತಕ್ಕೂ ಬಿತ್ತುವ ಭತ್ತಕ್ಕೂ ಇರುವ ಅಂತರವನ್ನು ಬೀಜದ ಮಡಿಯಲ್ಲಿ ನಿಂತು ನೋಡಬೇಕು. ಸಾಲು ಹಿಡಿದು ನಿಧಾನವಾಗಿ ನಡೆಯುವ ಹೆಣ್ಣಾಳುಗಳು, ಉಳಿದವಕ್ಕಿಂತ ಗೇಣುದ್ದ ಹೆಚ್ಚು ಬೆಳೆದ, ನಾಲ್ಕು ದಿನ ಮೊದಲೇ ತೆನೆ ತೂರಿದ, ಅಥವಾ ಕಾಳಿನ ತುದಿಯಲ್ಲಿ ಬೇರೆ ಬಣ್ಣ ತೋರಿದ ಬೆರಕೆ ಗಿಡವನ್ನು ಕಂಡೊಡನೆ ತೆಂಡೆಸಹಿತ ಬುಡಕ್ಕೆ ಕೈಹಾಕಿ ಕಿತ್ತು, ಮಡಿಯೊಳಗೆ ಬೀಳಗೊಡದೆ, ಬದುವಿನಾಚೆಗೆ ಒಯ್ದು ಹಾಕುತ್ತಾರೆ. ಒಮ್ಮೆ ಹಾಯ್ದರೆ ಮುಗಿಯುವ ಕೆಲಸ ಇದಲ್ಲ. ಎಳೆಯ ಪೈರಿನಲ್ಲಿ ಎಲ್ಲವೂ ಒಂದೇ ಆಗಿ ಕಂಡವುಗಳಲ್ಲಿ ಒಂದು ಹೂವಿಗೆ ಬಂದಾಗ, ಮತ್ತೊಂದು ಕಾಳು ಕಟ್ಟಿದಾಗ ತನ್ನ ಬೇರೆತನವನ್ನು ತೋರುತ್ತದೆ. ಆದುದರಿಂದ ನಿನ್ನೆ ಹಾಯ್ದ ಸಾಲಿನಲ್ಲಿಯೇ ಇಂದೂ ಹಾಯಬೇಕು. ನಿನ್ನೆ ಕಣ್ತಪ್ಪಿದುದು ಇಂದು ಸಿಕ್ಕರೆ ಯಾರೂ ಅದಕ್ಕಾಗಿ ಮಡಿಯನ್ನೇ ಉತ್ತುಹಾಕುವುದಿಲ್ಲ. ಕೋಪ, ಸಾಲ, ಜೂಜು, ಗುಟ್ಕಾಗಳನ್ನು ಬಿಡಲೆಳಸುವವನು ತನ್ನನ್ನು ನೋಡಿಕೊಳ್ಳಬೇಕಾದ ಬಗೆಯೂ ಇಷ್ಟೇ ಸಹನೆಯದು.

ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ನಾವು ಲಾಭದ ಲೆಕ್ಕಕ್ಕೆ ಮಾತ್ರ ಬಳಸುತ್ತೇವೆ. ಹಾನಿಯೂ ಹಾಗೆಯೇ ಕೂಡುತ್ತದೆ. ಸುಮಾರು 133 ಟಿಎಂಸಿ ನೀರು ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯವು ಇಂದು 105ರ ಆಸುಪಾಸಿಗೆ ಇಳಿದಿರುವುದು ಯಾವುದೋ ಒಂದು ಮಹಾಪ್ರಳಯದಿಂದಲ್ಲ, ವರುಷವರುಷವೂ ಹೊಳೆಯೊಡನೆ ಬಂದು ತಳಕ್ಕಿಳಿದ ಹೂಳಿನಿಂದ. ಎಡದಂಡೆ ನಾಲೆಯ ಕೆಳಗಿನ ಎರೆಭೂಮಿಗೆ ಹತ್ತಿ, ಜೋಳಗಳಂಥ ಮಿತನೀರಿನ ಬೆಳೆಗಳೇ ತಕ್ಕವೆಂದು ಮೊದಲು ಯೋಜಿಸಿದ್ದರು. ಮೇಲ್ಭಾಗದಲ್ಲಿ ಭತ್ತದ ಮೇಲೆ ಭತ್ತ ಬೆಳೆದು, ನೀರು ಸದಾ ನಿಂತು, ಸವಳು ಮೇಲೆದ್ದ ಹೊಲಗಳನ್ನು ಇಂದು ಎಷ್ಟೋ ಕಡೆ ಕಾಣಬಹುದು. ಅತ್ತ 227 ಕಿಲೋಮೀಟರ್ ಉದ್ದದ ಆ ನಾಲೆಯ ಕೊನೆಯಂಚಿನ ರೈತರು ನೀರು ತಲುಪಲಿಲ್ಲವೆಂದು ರಸ್ತೆಗಿಳಿಯುತ್ತಾರೆ. ತನ್ನ ಹೊಲಕ್ಕೆ ಇನ್ನೊಂದು ಗೇಣು ನೀರೆಂದು ರಾತ್ರಿ ತೂಬನ್ನು ತುಸು ಎತ್ತಿದವನು ತಾನು ದೊಡ್ಡ ಅನ್ಯಾಯ ಮಾಡಿದೆನೆಂದು ಎಣಿಸುವುದಿಲ್ಲ. ಅವನು ಮಾಡಿದುದು ನಿಜವಾಗಿಯೂ ಸಣ್ಣದೇ, ಆದರೆ ಅದು ಪ್ರತಿ ರಾತ್ರಿಯದು, ಮತ್ತು ಅವನೊಬ್ಬನದೇ ಅಲ್ಲ.

ಇಷ್ಟು ಹೇಳಿದಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಇರಲಾಗದು. ನಿತ್ಯಾಭ್ಯಾಸದ ಉಪದೇಶವೆಲ್ಲ ತನ್ನ ದಿನ ತನ್ನ ಕೈಯಲ್ಲಿರುವವನಿಗೆ ಹೇಳಿದುದು. ಕೋಳಿ ಕೂಗುವ ಮುನ್ನ ಎದ್ದು, ಜೋಳದ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಭತ್ತದ ನಾಟಿಗೆ ಟಂಟಂ ಹತ್ತುವ ಹೆಣ್ಣುಮಗಳಿಗೆ ಶಿಸ್ತಿನ ಪಾಠ ಹೇಳಹೊರಡುವುದು ಅವಿವೇಕ. ಶಿಸ್ತನ್ನು ಆಕೆಯಿಂದ ನಾವು ಕಲಿಯಬೇಕು. ಇನ್ನು ಸುಗ್ಗಿ ಮುಗಿದೊಡನೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಕುಟುಂಬದ ಮಗುವನ್ನು ನೆನೆಯಿರಿ. ಅದೇ ಸ್ಥಳ, ಅದೇ ಹೊತ್ತು ಎಂಬ ಎರಡು ಗೂಟಗಳ ಮೇಲೆ ನಿಲ್ಲಬೇಕಾದ ಓದಿನ ಅಭ್ಯಾಸವು ಆ ಎರಡನ್ನೂ ಒಮ್ಮೆಲೇ ಕಳೆದುಕೊಳ್ಳುತ್ತದೆ. ಕಟ್ಟಡದ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಕಳೆದ ನಾಲ್ಕು ತಿಂಗಳನ್ನು ತಪ್ಪಿದ ಒಂದು ದಿನದಂತೆ ತಿಳಿದು ಮತ್ತೆ ತೊಡಗೆಂದು ಹೇಳುವುದು ಸುಲಭವಲ್ಲ. ಅಂಥ ಮಗು ಗುಳೆಯ ದಿನಗಳಲ್ಲಿ ಊರಿನಲ್ಲೇ ಉಳಿಯುವಂತೆ ಊಟ, ಹಾಸಿಗೆ, ದೀಪಗಳನ್ನು ಒದಗಿಸುವುದು ಸರಕಾರದ ಪಾಲಿನ ಕೆಲಸ. ನಾಲೆಯ ಸರದಿಯ ದಿನಗಳನ್ನು ಮುಂಚಿತವಾಗಿ ಸಾರಿ, ಸಾರಿದಂತೆಯೇ ನೀರು ಬಿಡುವುದೂ ಅದರದೇ ಕೆಲಸ. ಕೆಳಭಾಗದವನಿಗೆ ಗುರುವಾರದ ನೀರು ಗುರುವಾರವೇ ಬಂದೀತೆಂಬ ನಂಬಿಕೆ ಹುಟ್ಟಿದಂದು, ಮೇಲ್ಭಾಗದವನು ಕದ್ದು ಎತ್ತಿದ ತೂಬನ್ನು ಇಳಿಸೆಂದು ಕೇಳುವ ಧೈರ್ಯ ಅವನಿಗೂ ಬಂದೀತು.