ತಪ್ಪು ಡ್ರೈವರನದೊಂದೇ?

ರಸ್ತೆಯ ಮೇಲೆ ಒಂದು ಸಾವಾಯಿತೆಂದರೆ ಪೋಲೀಸರ ಕಾಗದದಲ್ಲಿ ಮೊದಲು ಮೂಡುವ ಮಾತು ‘ಅತಿವೇಗ ಮತ್ತು ಅಜಾಗರೂಕತೆ’. ಡ್ರೈವರ್ ಠಾಣೆಗೆ ಹೋಗುತ್ತಾನೆ. ಅಲ್ಲಿಗೆ ವಿಚಾರಣೆ ಮುಗಿದಂತೆ. ಆ ಗಾಡಿಯನ್ನು ಹಾಗೆ ಕಟ್ಟಿದವರು ಯಾರು, ಆ ರಸ್ತೆಯನ್ನು ಹಾಗೆ ಹಾಕಿಸಿದವರು ಯಾರು ಎಂದು ಕೇಳುವವರಿಲ್ಲ.

ಈ ಪ್ರಶ್ನೆಯನ್ನೇ ಜೀವಮಾನದ ಕೆಲಸವಾಗಿ ಮಾಡಿಕೊಂಡ ಪ್ರಾಧ್ಯಾಪಕರೊಬ್ಬರು ನಮ್ಮ ದೇಶದಲ್ಲಿದ್ದರು. ಅವರು ದೆಹಲಿ ಐ.ಐ.ಟಿ.ಯ ದಿನೇಶ್ ಮೋಹನ್. 1945ರಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಸ್ವದೇಶಕ್ಕೆ ಮರಳಿದರು. ಮನುಷ್ಯನ ಮೈಗೆ, ಬಲಕ್ಕೆ, ಮರೆವಿಗೆ ಯಂತ್ರ ಹೊಂದಬೇಕೆಂಬುದೇ ಅವರ ಶಾಸ್ತ್ರದ ತಿರುಳು. ಮನುಷ್ಯ ತಪ್ಪುವುದು ಸಹಜ. ಆ ತಪ್ಪಿಗೆ ಪ್ರಾಣವೇ ದಂಡವಾಗದಂತೆ ನೋಡಿಕೊಳ್ಳುವುದು ಇಂಜಿನಿಯರನ ಹೊಣೆ.

ಪಂಡಿತರು ದುಡಿಯುವ ಜನರಿಂದ ದೂರವೆಂಬ ದೂರಿಗೆ ಅವರ ಬಾಳೇ ಉತ್ತರ. ಉತ್ತರ ಭಾರತದ ಹಳ್ಳಿಗಳಲ್ಲಿ ಒಕ್ಕಣೆ ಯಂತ್ರಕ್ಕೆ, ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಕೈಬೆರಳು ಕಳೆದುಕೊಂಡವರ ಲೆಕ್ಕವನ್ನು ಅವರೂ ಅವರ ಸಹೋದ್ಯೋಗಿಗಳೂ ತೆಗೆದರು. ಗಾಯಾಳುಗಳಲ್ಲಿ ಮಕ್ಕಳೂ ಇದ್ದರು. ಅಲಗಿಗೆ ಮರೆ, ಗಾಲಿಗೆ ಅಗಳಿ ಎಂಬ ಅಗ್ಗದ ಉಪಾಯಗಳನ್ನು ಸೂಚಿಸಿದರು. ಪೇಟೆಯಲ್ಲಿ ಬೈಕಿನವನ ಹೆಲ್ಮೆಟ್ಟು, ಆಟೋರಿಕ್ಷಾದೊಳಗೆ ತಲೆಗೆ ಬಡಿಯುವ ಕಬ್ಬಿಣ, ಪಾದಚಾರಿಗೆ ಢಿಕ್ಕಿ ಹೊಡೆಯುವ ಬಸ್ಸಿನ ಮುಖ, ಇವೆಲ್ಲವೂ ಅವರ ಸಂಶೋಧನೆಯ ವಸ್ತುಗಳಾದವು.

ಇಂಥ ವಿದ್ಯೆಗೆ ವಿರೋಧ ಬರುವುದು ಎಲ್ಲಿಂದ? ಅವರೂ ಅವರ ಸಂಗಡಿಗರೂ ಪ್ರತಿಪಾದಿಸಿದ, ಬಸ್ಸಿಗೇ ಮೀಸಲಾದ ರಸ್ತೆ ದೆಹಲಿಯಲ್ಲಿ 2008ರಲ್ಲಿ ತೆರೆಯಿತು. ಐವತ್ತು ಜನರ ಬಸ್ಸು ಒಬ್ಬನ ಕಾರಿಗಿಂತ ಮುಂದೆ ಹೋಗುವುದೇ ಎಂದು ಕಾರುಳ್ಳವರು ಕೂಗೆಬ್ಬಿಸಿದರು. 2016ರಲ್ಲಿ ಅದನ್ನು ಕಿತ್ತುಹಾಕಲಾಯಿತು. 2021ರ ಮೇ ತಿಂಗಳಿನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು.

ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಮೂರರಲ್ಲಿ ಎರಡು ಪಾಲಿಗೆ ಸಮೀಪ ನಡೆದು ಹೋಗುತ್ತಿದ್ದವರು, ದ್ವಿಚಕ್ರದ ಮೇಲಿದ್ದವರು. ಅಷ್ಟೂ ಸಾವುಗಳನ್ನು ಡ್ರೈವರನ ತಲೆಗೆ ಕಟ್ಟುವುದು ಆಳುವವರಿಗೆ ಸುಲಭ. ಅದಕ್ಕೆ ಖರ್ಚಿಲ್ಲ, ರಸ್ತೆಯನ್ನೂ ಗಾಡಿಯನ್ನೂ ಬದಲಿಸಬೇಕಿಲ್ಲ.

ಕುಡಿದು ಓಡಿಸಿದವನನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಬೇಡಿಕೆ ಇಷ್ಟೇ: ಪ್ರತಿಯೊಂದು ಸಾವಿನ ತನಿಖೆಯಲ್ಲೂ ಡ್ರೈವರನ ಜತೆಗೆ ರಸ್ತೆಯ, ಗಾಡಿಯ, ಅವನ ದುಡಿಮೆಯ ಗಂಟೆಗಳ ವಿಚಾರಣೆಯೂ ಆಗಲಿ. ಸಾರ್ವಜನಿಕರ ಹಣದಿಂದ ಬಸ್ಸು ಕಟ್ಟಿಸುವ ಮೊದಲು ದಿನವಿಡೀ ಇಂಜಿನ್ನಿನ ಕಾವಿನಲ್ಲಿ ಕೂರುವ ಡ್ರೈವರನನ್ನು ಕೇಳಲಿ. ಸಂತೆಯ ಗಂಟು ಹೊತ್ತು ಬಸ್ಸಿನ ಮೆಟ್ಟಿಲು ಹತ್ತುವ ಹೆಂಗಸನ್ನು ಕೇಳಲಿ. ಅಳತೆ ಅವರದು, ಗಾಡಿ ಅದಕ್ಕೆ ತಕ್ಕಂತಿರಲಿ.